ತಪ್ಪು ಯಾರದು?

ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇದ್ದಕ್ಕಿದ್ದಂತೆ ವಿಚಿತ್ರ ಚಾಳಿಯೊಂದು ಹತ್ತಿಕೊಂಡಿತು. ಕೆಲಸದ ನಡುವೆ ಪರದೆ ಕಪ್ಪಾಗಿ, ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ಮಗನ ಪ್ರಾಜೆಕ್ಟ್ ವರದಿಯ ನಾಲ್ಕು ಪುಟಗಳು ಹೀಗೇ ಮಾಯವಾದವು. “ಆಟ ಆಡಿ ಆಡಿ ಕೆಡಿಸಿಟ್ಟಿದ್ದೀಯ” ಎಂದು ಅವನನ್ನೇ ಗದರಿದೆ. ರಿಪೇರಿಗೆ ಬಂದವರು “ವೈರಸ್ ಸಾರ್” ಎಂದು ಎಲ್ಲವನ್ನೂ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ, ಹಣ ಪಡೆದು ಹೋದರು. ಮೂರನೆಯ ದಿನ ಮತ್ತದೇ ಕಥೆ!

ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಿಸಬೇಡಿ ಎಂದು ತರಗತಿಯಲ್ಲಿ ಹೇಳುವವನು ನಾನು. ಮನೆಯಲ್ಲಿ ಮಾತ್ರ ಗಮನಿಸುವ ಮೊದಲೇ ತೀರ್ಪು ಕೊಟ್ಟಿದ್ದೆ.

ನೋಟ್‌ಪುಸ್ತಕವೊಂದನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟೆವು. ಕೈಕೊಟ್ಟಾಗಲೆಲ್ಲ ದಿನ, ಗಂಟೆ, ಮಾಡುತ್ತಿದ್ದ ಕೆಲಸ – ಇಷ್ಟನ್ನು ಮಗ ಬರೆದಿಡತೊಡಗಿದ. ಎರಡು ವಾರಗಳಲ್ಲಿ 7 ಸಲ ಹೀಗಾಯಿತು. ಅದರಲ್ಲಿ 6 ಸಲ ಬೆಳಿಗ್ಗೆ ಏಳರ ಆಸುಪಾಸು, ಒಮ್ಮೆ ಸಂಜೆ. ಪುಸ್ತಕ ನೋಡಿದ ನನ್ನ ಹೆಂಡತಿ, “ಅದು ನಾನು ನೀರಿನ ಮೋಟಾರು ಹಾಕೋ ಹೊತ್ತಲ್ವಾ? ಆ ಸಂಜೆ ನೆಂಟರು ಬಂದಿದ್ರು, ಮತ್ತೊಮ್ಮೆ ಹಾಕಿದ್ದೆ” ಎಂದಳು.

ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ವಿದ್ಯುತ್ ಎಳೆಯುತ್ತದೆ. ಆಗ ಮನೆಯ ವೋಲ್ಟೇಜು ಕುಸಿಯುತ್ತದೆ. ದೀಪ ಮಂಕಾಗುವುದನ್ನು ನೀವೂ ನೋಡಿರುತ್ತೀರಿ. ಆ ಕ್ಷಣ ಕಂಪ್ಯೂಟರನ್ನು ಕಾಯಬೇಕಾದದ್ದು ಯುಪಿಎಸ್. ಅದರ ಬ್ಯಾಟರಿಯೇ ಸತ್ತಿದ್ದರೆ?

ಊಹೆ ಸಾಲದು, ಪರೀಕ್ಷೆ ಬೇಕು. ಕಂಪ್ಯೂಟರಿನ ಬದಲು ಯುಪಿಎಸ್‌ಗೆ ಮೇಜುದೀಪವನ್ನು ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿದೆವು. ದೀಪ ಆ ಕ್ಷಣವೇ ಆರಿತು! ಬ್ಯಾಟರಿಗೆ ಐದು ವರ್ಷ ತುಂಬಿತ್ತು. ಇಂಥ ಬ್ಯಾಟರಿಗಳ ಬಾಳಿಕೆ ಸಾಮಾನ್ಯವಾಗಿ 3ರಿಂದ 5 ವರ್ಷ. ಬೇರೇನನ್ನೂ ಮುಟ್ಟದೆ ಬ್ಯಾಟರಿಯೊಂದನ್ನೇ ಬದಲಿಸಿ, ಮೂರು ಸಲ ಮೋಟಾರು ಹಾಕಿ ನೋಡಿದೆವು. ಕಂಪ್ಯೂಟರು ಅಲುಗಲಿಲ್ಲ.

ಎಲ್ಲ ಮನೆಯ ಕಾರಣವೂ ಇದೇ ಆಗಿರಬೇಕಿಲ್ಲ. ಆರಿಸಿ ಹಾಕಿದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ, ಒಳಗಿರುವ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು ಶಂಕಿಸಬಹುದು. ಅರ್ಧ ಗಂಟೆ ಭಾರದ ಕೆಲಸ ಮಾಡಿದ ಮೇಲೆ ನಿಲ್ಲುತ್ತಿದ್ದರೆ ಫ್ಯಾನು, ದೂಳು, ಶಾಖದ ಕಡೆ ನೋಡಬೇಕು. ಹೊತ್ತುಗೊತ್ತಿಲ್ಲದೆ ಕೈಕೊಡುತ್ತಿದ್ದರೆ ರ‍್ಯಾಮ್ ಸಡಿಲವಾಗಿದೆಯೇ ಎಂದು ತಿಳಿದವರಿಂದ ನೋಡಿಸಿ. ಒಂದು ಎಚ್ಚರಿಕೆ: ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಕಾರಣ ಏನೇ ಇರಲಿ, ಬರೆದದ್ದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ಅಂದು ರಾತ್ರಿ ಮಗನಿಗೆ, “ತಪ್ಪು ನಿನ್ನದಲ್ಲ ಕಣೋ, ನಂದೇ” ಎಂದೆ. ಅವನು ನಕ್ಕು, ನೋಟ್‌ಪುಸ್ತಕದ ಕೊನೆಯಲ್ಲಿ ಅದನ್ನೂ ತಾರೀಖು ಹಾಕಿ ಬರೆದುಕೊಂಡ.