ಪ್ರತಿಮೆಯ ಕೆಳಗಿನ ಊರು

ಬೆಳಗಿನ ಆರೂವರೆ. ಅರಮನೆಯ ಉತ್ತರ ದ್ವಾರದ ಎದುರಿನ ಚಾಮರಾಜ ವೃತ್ತ. ಕೋಟೆ ಆಂಜನೇಯಸ್ವಾಮಿ ಗುಡಿಯ ಕಡೆಯಿಂದ ಪಾರಿವಾಳಗಳ ಹಿಂಡು ಒಮ್ಮೆಗೇ ಎದ್ದು, ಹೊಂಬಣ್ಣದ ಗುಮ್ಮಟದ ಮಂಟಪಕ್ಕೆ ಒಂದು ಸುತ್ತು ಹಾಕಿ, ಎದ್ದಲ್ಲಿಗೇ ಬಂದು ಇಳಿಯುತ್ತದೆ. ಮಂಟಪದೊಳಗೆ ಬಿಳಿ ಅಮೃತಶಿಲೆಯಲ್ಲಿ ಚಾಮರಾಜೇಂದ್ರ ಒಡೆಯರು. ರಸ್ತೆಯಂಚಿನಲ್ಲಿ, ಸೈಕಲ್ಲಿನ ಹಿಂದೆ ಟೀ ಕ್ಯಾನು ಕಟ್ಟಿಕೊಂಡು ಬಂದ ಯಜಮಾನರೊಬ್ಬರು. ಅವರ ಮುಂದೆ, ಪೊರಕೆ ಪಕ್ಕಕ್ಕೊರಗಿಸಿ ಎರಡೂ ಕೈಯಲ್ಲಿ ಲೋಟ ಹಿಡಿದು ಬೆಚ್ಚಗಾಗುತ್ತಿರುವ ಇಬ್ಬರು ಪೌರಕಾರ್ಮಿಕ ಹೆಂಗಸರು. ನಾನು ಕ್ಯಾಮೆರಾ ತೆಗೆಯುವುದು ಇಲ್ಲಿಂದ. ರಾಜರೂ ಬೇಕು, ಲೋಟವೂ ಬೇಕು, ಎರಡೂ ಒಂದೇ ಚೌಕಟ್ಟಿನಲ್ಲಿ ಬೇಕು.

ಮೈಸೂರಿಗೆ ಬಂದವರು ತೆಗೆಯುವ ಫೋಟೊಗಳು ನಮಗೆಲ್ಲ ಬಾಯಿಪಾಠ. ಬೆಟ್ಟದ ಮೇಲೆ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರ. ಮೆಟ್ಟಿಲ ದಾರಿಯಲ್ಲಿ ದೊಡ್ಡ ನಂದಿ. ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬುಗಳಲ್ಲಿ ಹೊಳೆಯುವ ಅರಮನೆ. ಅವರು ಹಾಗೆ ತೆಗೆಯುವುದು ಸರಿಯೇ, ಅವರ ಕೈಯಲ್ಲಿರುವುದು ಒಂದು ದಿನ. ಊರಿನವರಾದ ನಮಗೆ ವರ್ಷಕ್ಕೆ ಮುನ್ನೂರ ಅರವತ್ತೈದು ಬೆಳಗುಗಳಿವೆ. ನಂದಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಆ ಟೀ ಸೈಕಲ್ಲು ಹೋಗುತ್ತದೆ, ಕೈಯಲ್ಲಿ ಬರೆದ ಅಂಗಡಿ ಬೋರ್ಡು ಹೋಗುತ್ತದೆ. ಉಳಿಯುವುದನ್ನು ಬಂದವರು ತೆಗೆದುಕೊಳ್ಳಲಿ, ಹೋಗುವುದನ್ನು ಊರಿನವರೇ ತೆಗೆದಿಡಬೇಕು. ಹತ್ತಿಪ್ಪತ್ತು ವರ್ಷದಿಂದ ಈ ಒಂದೂವರೆ ಮೈಲಿಯಲ್ಲಿ ಅಡ್ಡಾಡುತ್ತ ನಾನು ಕಂಡುಕೊಂಡದ್ದು ಇಷ್ಟು. ಇವತ್ತು ನೀವೂ ಜೊತೆಗೆ ಬನ್ನಿ.

ಕನ್ನಡದಲ್ಲಿ ಗಂಟೆ ತೋರಿಸುವ ಗೋಪುರ

ಮೊದಲು ಈ ಪ್ರತಿಮೆಯನ್ನೇ ನೋಡೋಣ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ ಆಡಳಿತ ವಹಿಸಿಕೊಂಡವರು ಹತ್ತನೇ ಚಾಮರಾಜೇಂದ್ರರು. ಆಳಿದ್ದು 1894ರವರೆಗೆ ಮಾತ್ರ. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅವರ ಕಾಲದಲ್ಲೇ. ಬಿಳಿ ಕಲ್ಲು, ಮೇಲೆ ಚಾವಣಿ, ಸುತ್ತ ಬಯಲು ಬೆಳಕು. ಫೋಟೊ ತೆಗೆಯುವವರಿಗೆ ಇದು ಕಷ್ಟದ ಲೆಕ್ಕ. ನೆತ್ತಿಯ ಮೇಲೆ ಸೂರ್ಯ ಬಂದರೆ ಮುಖ ನೆರಳಿಗೆ ಬಿದ್ದು ಮಂಕಾಗುತ್ತದೆ, ಹೊರಗಿನ ರಸ್ತೆ ಬೆಂಕಿಯ ಹಾಗೆ ಉರಿಯುತ್ತದೆ. ಏಳರ ಆಸುಪಾಸಿನಲ್ಲಿ ಬಿಸಿಲು ಓರೆಯಾಗಿ ಕಂಬಗಳ ನಡುವೆ ನುಗ್ಗುವಾಗ ಕಲ್ಲಿನ ಮಡಿಕೆಗಳು ಬಟ್ಟೆಯ ಮಡಿಕೆಗಳಂತೆ ಕಾಣುತ್ತವೆ. ಫೋನಿನಲ್ಲಿ ತೆಗೆಯುವವರು ಪರದೆಯ ಮೇಲೆ ಆ ಬಿಳಿಯ ಜಾಗಕ್ಕೇ ಬೆರಳಿಟ್ಟು ಬೆಳಕನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಆಮೇಲೆ ಕಾಯಿರಿ. ಯಾರಾದರೂ ಹಾದುಹೋಗುತ್ತಾರೆ. ಹಾಲಿನ ಕ್ಯಾನಿನವರು, ಶಾಲೆಯ ಆಟೊ, ಪ್ರವಾಸಿಗರನ್ನು ಹುಡುಕುತ್ತ ಬರುವ ಷಾ ಪಸಂದ್ ಟಾಂಗಾ. ಕಲ್ಲಿಗೆ ಜೀವ ಬರುವುದು ಆಗ.

ಇಲ್ಲಿಂದ ನಾಲ್ಕು ಹೆಜ್ಜೆಗೆ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಹಣ ಹಾಕಿ ಕಟ್ಟಿಸಿದ ಗೋಪುರ ಇದು, ಎತ್ತರ 75 ಅಡಿ. ದೂರದಿಂದ ನೋಡಿದರೆ ಮತ್ತೊಂದು ಗಡಿಯಾರದ ಕಂಬ. ಹತ್ತಿರ ಬಂದು ಮುಖ ಮೇಲೆತ್ತಿ ಅಥವಾ ಲೆನ್ಸ್ ಎಳೆದು ನೋಡಿ. ಮುಳ್ಳಿನ ಸುತ್ತ ಇರುವುದು ಕನ್ನಡದ ಅಂಕಿಗಳು: ೧, ೨, ೩. ನಾವು ದಿನಾ ಬರೆಯುವ ಲೆಕ್ಕದಿಂದ, ಬಸ್ಸಿನ ಟಿಕೆಟ್ಟಿನಿಂದ, ಮನೆಯ ಕ್ಯಾಲೆಂಡರಿನಿಂದ ಬಹುಪಾಲು ಮರೆಯಾದ ಅಂಕಿಗಳು ಇಲ್ಲಿ ಇನ್ನೂ ಕೆಲಸದಲ್ಲಿವೆ. ಒಂದು ಸಲ ಇಲ್ಲಿ ಒಬ್ಬ ಅಜ್ಜ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಮಗು ಬೆರಳು ತೋರಿಸಿ ತೋರಿಸಿ ಕೇಳುತ್ತಿತ್ತು, ಅವರು ಒಂದೊಂದೇ ಹೇಳುತ್ತಿದ್ದರು. "ಅದು ಆರು, ಇದು ಏಳು. ಬಾಲ ನೋಡು ಪುಟ್ಟಿ, ಬಾಲ ಬೇರೆ." ಆ ಚಿತ್ರದಲ್ಲಿ ಗಡಿಯಾರ ಪೂರ್ತಿ ಬಂದಿಲ್ಲ, ಅರ್ಧ ಮಾತ್ರ. ಆದರೂ ನಾನು ತೆಗೆದ ಗಡಿಯಾರದ ಫೋಟೊಗಳಲ್ಲಿ ಒಳ್ಳೆಯದು ಅದೇ.

ಪಕ್ಕದಲ್ಲಿ ಟೌನ್‌ಹಾಲ್. ಸಂಸ್ಥಾನದ ದಿವಾನರಾಗಿದ್ದ ರಂಗಾಚಾರ್ಲು ಅವರ ಸ್ಮಾರಕವಾಗಿ 1884ರಲ್ಲಿ ಬಂದ ಕಟ್ಟಡ. ಅದನ್ನು ದಾಟಿದರೆ ಗಾಂಧಿ ಚೌಕ. ಅಲ್ಲಿನ ಗಾಂಧಿ ಪ್ರತಿಮೆಯನ್ನು ಅಕ್ಟೋಬರ್ 2ರಂದು ಹೂವಿನ ಹಾರದೊಂದಿಗೆ ಎಲ್ಲರೂ ತೆಗೆಯುತ್ತಾರೆ. ನೀವು ಮೂರನೇ ತಾರೀಕು ಬನ್ನಿ. ಬಾಡಿದ ಹಾರದ ಕೆಳಗೆ ಎಂದಿನಂತೆ ಪೇಪರ್ ಹರಡಿಕೊಂಡು ಯಾರಾದರೂ ಕೂತಿರುತ್ತಾರೆ.

ದಸರೆಯ ಮರುದಿನ

ಪಡುವಣಕ್ಕೆ ತಿರುಗಿದರೆ ಕೃಷ್ಣರಾಜ ವೃತ್ತ, ನಮ್ಮ ಬಾಯಲ್ಲಿ ಕೆ.ಆರ್. ಸರ್ಕಲ್. ಮಂಟಪದ ಕೆಳಗೆ ನಾಲ್ವಡಿಯವರು. ನಗರ ಬಸ್ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಈ ಪ್ರತಿಮೆಯ ಸುತ್ತ ದಿನವೊಂದಕ್ಕೆ ಹಾಯುವಷ್ಟು ಕಾಲುಗಳು ಊರಿನ ಬೇರೆ ಯಾವ ಪ್ರತಿಮೆಯ ಸುತ್ತಲೂ ಹಾಯುವುದಿಲ್ಲ ಎಂದು ನನ್ನ ನಂಬಿಕೆ. ವಿಜಯದಶಮಿಯಂದು 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಇದೇ ವೃತ್ತ ದಾಟಿ, ಸಯ್ಯಾಜಿರಾವ್ ರಸ್ತೆ ಹಿಡಿದು, ಸುಮಾರು ಐದು ಕಿಲೋಮೀಟರ್ ದೂರದ ಬನ್ನಿಮಂಟಪಕ್ಕೆ ನಡೆಯುತ್ತದೆ. ಆ ಹೊತ್ತು ಊರಿನಲ್ಲಿರುವ ಕ್ಯಾಮೆರಾಗಳೆಲ್ಲ ಆನೆಯ ಕಡೆಗೇ.

ನಾನು ಬರುವುದು ಮರುದಿನ ಬೆಳಗಿನ ಜಾವ. ಬ್ಯಾರಿಕೇಡಿನ ಗಳುಗಳನ್ನು ಬಿಚ್ಚಿ ಲಾರಿಗೆ ತುಂಬುತ್ತಿರುತ್ತಾರೆ. ಬಲೂನು, ಪೀಪಿ ಮಾರಲು ಊರೂರುಗಳಿಂದ ಬಂದ ಸಂಸಾರಗಳು ಫುಟ್‌ಪಾತಿನ ಮೇಲೆ ಸಾಲಾಗಿ ಮಲಗಿರುತ್ತವೆ. ಮಾರಾಟವಾಗದೆ ಉಳಿದ ಬಲೂನಿನ ಗೊಂಚಲನ್ನು ಮಗುವಿನ ಕಾಲಿಗೆ ಕಟ್ಟಿರುತ್ತಾರೆ, ಗಾಳಿಗೆ ಹಾರಿಹೋಗದಿರಲಿ ಎಂದು. ಮಲಗಿದವರ ಫೋಟೊ ನಾನು ತೆಗೆಯುವುದಿಲ್ಲ. ನಿದ್ದೆಯಲ್ಲಿರುವವರು ಒಪ್ಪಿಗೆ ಕೊಡಲಾರರು. ಎದ್ದು ಮುಖ ತೊಳೆದು, "ಏನ್ ಸಾಮಿ, ನಮ್ದೂ ತೆಗೀತೀರಾ" ಎಂದು ಅವರೇ ಕೇಳುವವರೆಗೆ ಕಾದದ್ದುಂಟು. ಕಾದದ್ದಕ್ಕೆ ಯಾವತ್ತೂ ನಷ್ಟವಾಗಿಲ್ಲ.

ಕಂಬಕ್ಕೊರಗಿ ಓದುತ್ತಿದ್ದ ಹುಡುಗ

ಸಯ್ಯಾಜಿರಾವ್ ರಸ್ತೆಗೆ ಬಿದ್ದ ಕೂಡಲೇ ಚಿಕ್ಕ ಗಡಿಯಾರ. ಇದು ದೊಡ್ಡದಕ್ಕಿಂತ ನಾಲ್ಕು ದಶಕ ಹಿರಿಯದು. ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದದ್ದರ ನೆನಪಿಗೆ ನಿಂತದ್ದು. ಇದರ ಬುಡದಲ್ಲಿ ಬೆಳಗ್ಗೆ ಹೂವು, ಮಧ್ಯಾಹ್ನ ಹಣ್ಣು, ಸಂಜೆ ಬಟ್ಟೆಬರೆ. ವ್ಯಾಪಾರ ಬದಲಾದಂತೆ ಚಿತ್ರದ ಬಣ್ಣವೂ ಬದಲಾಗುತ್ತದೆ. ಒಂದೇ ಕಡೆ ನಿಂತು ಮೂರು ಹೊತ್ತು ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ನಾನು ಹೇಳುವುದು ತಿಳಿಯುತ್ತದೆ.

ಇಲ್ಲೇ ಹತ್ತಿರ ಲ್ಯಾನ್ಸ್‌ಡೌನ್ ಕಟ್ಟಡ. ಅದರ ಸಾಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಗೈಡು ಕೊಳ್ಳದ ವಿದ್ಯಾರ್ಥಿ ನನ್ನ ಕಾಲದಲ್ಲಿ ಕಡಿಮೆ. ಒಂದು ಮಳೆಗಾಲದ ಸಂಜೆ ಅಲ್ಲಿ ಕಂಬಕ್ಕೊರಗಿ ನಿಂತು, ಕೊಳ್ಳಲು ದುಡ್ಡಿಲ್ಲದ ಪುಸ್ತಕವನ್ನು ನಿಂತಲ್ಲೇ ಓದಿ ಮುಗಿಸುತ್ತಿದ್ದ ಹುಡುಗನೊಬ್ಬನ ಫೋಟೊ ತೆಗೆದಿದ್ದೆ. ಅಂಗಡಿಯವರು ನೋಡಿಯೂ ನೋಡದವರಂತೆ ಬೆನ್ನು ತಿರುಗಿಸಿ ಪುಸ್ತಕ ಜೋಡಿಸುತ್ತಿದ್ದರು. ಆ ಬೆನ್ನಿಗಾಗಿಯೇ ನಾನು ಆ ಚಿತ್ರ ತೆಗೆದದ್ದು.

2012ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು, ಜೀವಗಳೂ ಹೋದವು. ಅಂದು ರಾತ್ರಿ ಆ ಫೋಟೊ ಹುಡುಕಿ ತೆಗೆದು ನೋಡಿದೆ. ಅದುವರೆಗೆ ನನ್ನ ಕಣ್ಣಿಗೆ ಬೀಳದ ಸಂಗತಿಗಳು ಅದರಲ್ಲಿದ್ದವು. ಹುಡುಗನ ತಲೆಯ ಮೇಲೆ ಸೂರಿನಲ್ಲಿ ನೀರು ಜಿನುಗಿದ ಕಲೆ. ಕಂಬದ ಮೇಲೆ ಯಾರೋ ಬರೆದ ಗುಣಾಕಾರದ ಲೆಕ್ಕ. ಪುಸ್ತಕದ ರಾಶಿಗೆ ಹೊದಿಸಿದ ನೀಲಿ ಪ್ಲಾಸ್ಟಿಕ್ಕು. ಆ ಬೆನ್ನಿಗಾಗಿ ತೆಗೆದ ಚಿತ್ರ ಒಂದು ಜಾಗದ ದಾಖಲೆಯಾಗಿತ್ತು. ಅಂದಿನಿಂದ ನಾನು ಮುಖಕ್ಕೆ ತೀರ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದೆ. ಸುತ್ತಲಿನ ನಾಲ್ಕು ಮೊಳ ಜಾಗವೂ ಒಳಗೆ ಬರುವಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.

ಈ ಊರಿಗೆ ಇಂಥ ಕಣ್ಣು ಹೊಸದಲ್ಲ. ಟಿ.ಎಸ್. ಸತ್ಯನ್ ಹುಟ್ಟಿದ್ದು 1923ರಲ್ಲಿ ಇದೇ ಮೈಸೂರಿನಲ್ಲಿ, ತೀರಿಕೊಂಡದ್ದೂ ಇಲ್ಲೇ, 2009ರಲ್ಲಿ. ದೇಶದ ದೊಡ್ಡ ದೊಡ್ಡ ಘಟನೆಗಳನ್ನು ಕ್ಯಾಮೆರಾದಲ್ಲಿ ಹಿಡಿದವರು, ಪದ್ಮಶ್ರೀ ಪಡೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ವಿಶ್ವಸಂಸ್ಥೆಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳಲ್ಲಿ ನನಗೆ ಹತ್ತಿರವಾದವು ಹೆಸರಿಲ್ಲದ ಜನರವು. ಅಲ್ಲಿ ಯಾರೂ ಸಣ್ಣವರಾಗಿ ಕಾಣುವುದಿಲ್ಲ. ಎದುರಿಗಿದ್ದವರನ್ನು ಗೌರವದಿಂದ ನೋಡುವುದನ್ನು ನಾನು ಕಲಿತದ್ದು ಆ ಚಿತ್ರಗಳಿಂದ.

ಬೋಣಿಯ ಹೊತ್ತು

ದೇವರಾಜ ಮಾರುಕಟ್ಟೆಗೆ ಒಳಹೋಗುವಾಗ ಮೊದಲು ಮೂಗು ಹೋಗುತ್ತದೆ, ಕಣ್ಣು ಆಮೇಲೆ. ಮಲ್ಲಿಗೆ, ಬಾಳೆಹಣ್ಣು, ಊದುಬತ್ತಿ, ಒದ್ದೆ ಗೋಣಿ. ಗೋಪುರದಂತೆ ಏರಿಸಿದ ಕುಂಕುಮದ ರಾಶಿಗಳನ್ನು ಬಂದವರೆಲ್ಲ ತೆಗೆಯುತ್ತಾರೆ. ನೀವು ಎಲೆಯ ಸಾಲಿಗೆ ಬನ್ನಿ. ಚಿಗುರೆಲೆಯನ್ನು ಎಣಿಸುವ ಬೆರಳುಗಳನ್ನು ನೋಡಿ, ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳಿಗೆ ಲೆಕ್ಕ ತಪ್ಪುವುದಿಲ್ಲ. ಮೈಸೂರು ಮಲ್ಲಿಗೆ, ಮೈಸೂರು ಚಿಗುರೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮೂರನ್ನೂ ಈ ಒಂದೇ ಚಾವಣಿಯ ಕೆಳಗೆ ಕೇಳಬಹುದು. ಚಾವಣಿಗೆ ಮಾತ್ರ ವಯಸ್ಸಾಗಿದೆ. 2016ರ ಆಗಸ್ಟ್‌ನಲ್ಲಿ ಉತ್ತರ ದ್ವಾರದ ಭಾಗ ಕುಸಿದುಬಿತ್ತು. ಕೆಡವಿ ಹೊಸದು ಕಟ್ಟಬೇಕೆ, ಇರುವುದನ್ನೇ ದುರಸ್ತಿ ಮಾಡಿ ಉಳಿಸಬೇಕೆ ಎಂಬ ವಾದ ಕೋರ್ಟು ಕಚೇರಿ ಅಲೆಯಿತು. ಉಳಿಸಬೇಕು ಎನ್ನುವವನು ನಾನು.

ಹೂವಿನ ಸಾಲಿನಲ್ಲಿ ನನಗೆ ಪರಿಚಯದ ಒಬ್ಬ ಅಮ್ಮ ಇದ್ದಾರೆ. ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಸೀಳಿ, ಎರಡು ಮೊಗ್ಗು ಆಚೆ ಎರಡು ಈಚೆ ಇಟ್ಟು, ಗಂಟು ಬಿಗಿಯುವ ಅವರ ಕೈಯನ್ನು ವರ್ಷಗಳಿಂದ ತೆಗೆಯುತ್ತ ಬಂದಿದ್ದೇನೆ. ಹಳೆಯದೊಂದು ಫೋಟೊದ ಪ್ರಿಂಟು ಅವರಿಗಾಗಿ ಜೇಬಿನಲ್ಲಿದೆ. ಕೊಡಲು ಹೋದರೆ ಕೈಯಲ್ಲೇ ತಡೆದರು. "ಬೋಣಿ ಟೈಮು ಕಣಣ್ಣ. ಒಂದ್ ಸುತ್ತು ಹಾಕ್ಕೊಂಡ್ ಬಾ." ವ್ಯಾಪಾರದ ನಡುವೆ ನಿಂತು ಗಿರಾಕಿಗೆ ಅಡ್ಡವಾಗುವುದು ತಪ್ಪು. ಇದು ಮಾರುಕಟ್ಟೆಯಲ್ಲಿ ಫೋಟೊ ತೆಗೆಯುವವರಿಗೆ ಮೊದಲ ಪಾಠ.

ಗೋಡೆ, ಬೋರ್ಡು, ಬಣ್ಣ

ಹಾಗಾಗಿ ಒಂದು ಸುತ್ತು. ಸಯ್ಯಾಜಿರಾವ್ ರಸ್ತೆಯಲ್ಲಿ ಮೇಲಕ್ಕೆ ನಡೆದರೆ ಹಳೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡ. 1906ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದವರು, ಮುಂದೆ ಐದನೇ ಜಾರ್ಜ್ ದೊರೆಯಾದ ಅಂದಿನ ವೇಲ್ಸ್ ರಾಜಕುಮಾರ. ಮರಗೆಲಸ, ಚಿತ್ರ, ಕೆತ್ತನೆ ಕಲಿಸಿದ ಜಾಗ. ಚಾಮರಾಜೇಂದ್ರರ ಹೆಸರನ್ನೇ ಹೊತ್ತ ಕಲಾ ಕಾಲೇಜು, ಎಲ್ಲರ ಬಾಯಲ್ಲಿ 'ಕಾವಾ', ಇವತ್ತು ಊರಿನಲ್ಲಿ ಬೇರೆಡೆ ನಡೆಯುತ್ತಿದೆ. ಅಲ್ಲಿ ಕಲಿತ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಯ ಹೊಂಡವೊಂದರಲ್ಲಿ ನಿಜಗಾತ್ರದ ಮೊಸಳೆಯ ಪ್ರತಿಕೃತಿಯನ್ನು ತಂದಿಟ್ಟರು. ಅದು ಅಲ್ಲಿ ಇದ್ದದ್ದು ಸ್ವಲ್ಪ ಕಾಲ. ದೇಶವೆಲ್ಲ ನೋಡಿದ್ದು ಅದರ ಫೋಟೊವನ್ನು. ಬೀದಿಯ ಕಲೆಗೆ ಫೋಟೊ ಎಂದರೆ ಎರಡನೆಯ ಆಯುಸ್ಸು ಎಂದು ನನಗೆ ಅನ್ನಿಸಿದ್ದು ಆಗ.

ಊರಿನ ಕಾಂಪೌಂಡ್ ಗೋಡೆಗಳ ಮೇಲೂ ಬಣ್ಣದ ಚಿತ್ರಗಳಿವೆ. ಅಂಬಾರಿ ಆನೆ, ಡೊಳ್ಳು, ವೀರಗಾಸೆ. ಎರಡು ಮಳೆಗಾಲಕ್ಕೆ ಬಣ್ಣ ಎದ್ದು ಹೋಗುತ್ತದೆ. ಬಿಡಿಸಿದ ಮೊದಲ ವಾರದಲ್ಲಿ ಒಮ್ಮೆ, ಮಾಸುವಾಗ ಒಮ್ಮೆ, ಮೇಲೆ ಸುಣ್ಣ ಬಳಿದಾಗ ಒಮ್ಮೆ, ಮೂರು ಸಲ ತೆಗೆಯಿರಿ. ಹಾಗೆಯೇ ಕೈಯಲ್ಲಿ ಬರೆದ ಅಂಗಡಿ ಬೋರ್ಡುಗಳು. ಫ್ಲೆಕ್ಸ್ ಬರುವ ಮೊದಲು ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಗೆರೆ ಮಿಡಿದು, ಆ ಗೆರೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆಯುತ್ತಿದ್ದರು. ಒಬ್ಬೊಬ್ಬರ 'ಶ್ರೀ' ಒಂದೊಂದು ಥರ. ಒಂದು ಓಣಿಯ ಬಾಗಿಲ ಮೇಲೆ, ಬಿಳಿಯ ನೆರಳಿಟ್ಟು ಕೆಂಪಿನಲ್ಲಿ ಬರೆದ 'ಹೊಲಿಗೆ ಅಂಗಡಿ' ಎಂಬ ಅಕ್ಷರಗಳನ್ನು ನಾನು ವರ್ಷಕ್ಕೊಮ್ಮೆ ಹೋಗಿ ತೆಗೆದು ಬರುತ್ತೇನೆ. 'ಹೊ' ಮಾಸಿದೆ. ಉಳಿದದ್ದು ಇನ್ನೂ ಗಟ್ಟಿಯಾಗಿದೆ.

ಪ್ರಿಂಟಿನಲ್ಲಿದ್ದ ಸೈಕಲ್ಲು

ಹನ್ನೊಂದಕ್ಕೆ ಮಾರುಕಟ್ಟೆಗೆ ಮರಳಿದಾಗ ಹೂವಿನ ಸಾಲು ಸ್ವಲ್ಪ ಬಿಡುವಾಗಿತ್ತು. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಪ್ರಿಂಟು ತೆಗೆದುಕೊಂಡರು. ಅವರ ಮುಖ, ಕೈ, ಎದುರಿನ ಮಲ್ಲಿಗೆಯ ರಾಶಿ ಚೆನ್ನಾಗಿ ಬಂದಿದ್ದವು. ಅವರು ಅದ್ಯಾವುದನ್ನೂ ನೋಡಲಿಲ್ಲ. ಚಿತ್ರವನ್ನು ಕಣ್ಣಿನ ಹತ್ತಿರ ತಂದು, ಹಿಂದಿನ ಮಬ್ಬು ಮೂಲೆಯಲ್ಲಿ ಹೆಬ್ಬೆರಳಿಟ್ಟರು.

"ಇದು ನಮ್ ಯಜಮಾನ್ರ ಸೈಕಲ್ಲು."

ಗೋಡೆಗೊರಗಿಸಿದ ಹಳೇ ಸೈಕಲ್ಲು, ಹ್ಯಾಂಡಲಿನಲ್ಲಿ ನೇತುಬಿದ್ದ ಚೀಲ. ಅದು ಚಿತ್ರದಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಯಜಮಾನರು ಹೋಗಿ ಎರಡು ವರ್ಷವಾಯಿತಂತೆ. ಸೈಕಲ್ಲನ್ನು ಮಗ ಗುಜರಿಗೆ ಹಾಕಿದನಂತೆ. "ನಾನ್ ಇಲ್ದಿದ್ದಾಗ ಹಾಕ್ಬಿಟ್ಟ" ಎಂದರು. ಮತ್ತೆ ಮಾತಾಡಲಿಲ್ಲ. ಪ್ರಿಂಟನ್ನು ಹೂವಿನ ನೀರು ತಾಗದ ಹಾಗೆ ಎಲೆಯಲ್ಲಿ ಸುತ್ತಿ ದುಡ್ಡಿನ ಡಬ್ಬಿಯೊಳಗೆ ಇಟ್ಟುಕೊಂಡರು. ಏಳುವಾಗ ಬೇಡವೆಂದರೂ ಒಂದು ಮೊಳ ಮಲ್ಲಿಗೆ ಕೈಗೆ ಹಾಕಿ, "ಮನೇಲಿ ಕೊಡಣ್ಣ" ಎಂದರು.

ನಿಮ್ಮ ಊರಿನಲ್ಲೂ ಒಂದು ಸರ್ಕಲ್ ಇದೆ, ಒಂದು ಪ್ರತಿಮೆ ಇದೆ, ಅದರ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡ ಯಾರೋ ಇದ್ದಾರೆ. ನಾಳೆ ಬೆಳಗ್ಗೆ ಅರ್ಧ ಗಂಟೆ ಮುಂಚೆ ಮನೆ ಬಿಡಿ. ಮಾತಾಡಿಸಿ, ಕೇಳಿ, ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಆಮೇಲೆ ಪ್ರಿಂಟು ಹಾಕಿಸಿ, ಬೋಣಿಯ ಹೊತ್ತು ಕಳೆದ ಮೇಲೆ ಹೋಗಿ ಕೊಟ್ಟು ಬನ್ನಿ.