ರಾಜಿಯ ಮಾತು ಕಟ್ಟೆಯಲ್ಲೇ ನಿಲ್ಲದಿರಲಿ



ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ನ್ಯಾಯಾಲಯಗಳ ಅಂಗಳದಲ್ಲಿ ನಿಂತವರನ್ನು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಹೊಲದ ಒಡ್ಡು, ಬಾವಿಯ ನೀರಿನ ಪಾಳಿ, ಬಂಡಿಯ ದಾರಿ, ಅಣ್ಣತಮ್ಮಂದಿರ ಪಾಲು ಇವೇ ಕಾರಣಗಳು. ವ್ಯಾಜ್ಯವು ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದು ಬರುತ್ತದೆ. ಒಂದೇ ಮನೆತನದವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗದಂತಾಗುತ್ತದೆ.

ದಾವೆ ಹೂಡಿದ ಮೇಲೆಯೂ ರಾಜಿಗೆ ಬಾಗಿಲು ಮುಚ್ಚಿರುವುದಿಲ್ಲ. ಆದರೆ ಊರಿನ ಹಿರಿಯರ ಮುಂದೆಯೋ ಮಠದ ಕಟ್ಟೆಯ ಮೇಲೆಯೋ ಆಡಿದ ಮಾತಿನಿಂದಷ್ಟೇ ದಾವೆ ಮುಗಿಯದು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮದಂತೆ ಒಪ್ಪಂದವು ಬರವಣಿಗೆಯಲ್ಲಿರಬೇಕು, ಪಕ್ಷಗಾರರು ಸಹಿ ಮಾಡಿರಬೇಕು, ಕಾನೂನಿಗೆ ವಿರುದ್ಧವಾಗಿರಬಾರದು. ನ್ಯಾಯಾಧೀಶರು ಅದನ್ನು ದಾಖಲಿಸಿ ಡಿಕ್ರಿ ನೀಡಿದಾಗಲೇ ಅದಕ್ಕೆ ಬಲ. ಅಂಥ ಡಿಕ್ರಿಯನ್ನು ಪ್ರಶ್ನಿಸಲು ಬೇರೊಂದು ದಾವೆ ಹೂಡಲು ಅವಕಾಶವಿಲ್ಲ. ಆದ್ದರಿಂದ ಸಹಿಗೆ ಮೊದಲೇ ಓದಿ, ಓದಿಸಿ, ಕೇಳಿ ತಿಳಿಯಬೇಕು.

ಎರಡನೆಯ ದಾರಿ ಲೋಕ ಅದಾಲತ್. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿ ಆದ ರಾಜಿಯೂ ದಿವಾಣಿ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಮೇಲ್ಮನವಿ ಇಲ್ಲ. ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳಿ ದೊರೆಯುತ್ತದೆ. ಒಪ್ಪಿಗೆ ಆಗದಿದ್ದರೆ ಕಡತವು ಮೊದಲಿನ ನ್ಯಾಯಾಲಯಕ್ಕೇ ಹಿಂದಿರುಗುತ್ತದೆ; ಯಾರ ಹಕ್ಕೂ ಹೋಗುವುದಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಇದರ ಮಾಹಿತಿ ದೊರೆಯುತ್ತದೆ. ಆದಾಯ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು.

ರಾಜಿಪತ್ರ ಬರೆಯುವಾಗ ಕೆಲವು ಸಂಗತಿಗಳನ್ನು ಮರೆಯಬಾರದು. ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ ಸ್ಪಷ್ಟವಾಗಿರಲಿ. ಸಾಧ್ಯವಾದರೆ ನಕ್ಷೆ ಲಗತ್ತಿಸಿರಿ. ದಾರಿ ಯಾವ ಒಡ್ಡಿನ ಗುಂಟ, ನೀರು ಯಾರಿಗೆ ಯಾವ ದಿನ, ಹಣ ಕೊಡುವುದಿದ್ದರೆ ಯಾವ ತಾರೀಖಿನೊಳಗೆ ಎಂಬುದನ್ನು ಬರೆಯಿರಿ. ದಾವೆಯಲ್ಲಿ ಇಲ್ಲದ ಜಮೀನನ್ನು ರಾಜಿಯಲ್ಲಿ ಸೇರಿಸಿದರೆ ನೋಂದಣಿ ಬೇಕಾದೀತು, ವಕೀಲರನ್ನು ಕೇಳಿರಿ. ಅಪ್ರಾಪ್ತ ಮಕ್ಕಳ ಪರವಾಗಿ ಪಾಲಕರು ರಾಜಿಯಾಗಲು ನ್ಯಾಯಾಲಯದ ಅನುಮತಿ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಅಣ್ಣತಮ್ಮಂದಿರು ಒಂದಾಗಿ, ಅಕ್ಕತಂಗಿಯರಿಂದ ಸೀರೆ ಕುಪ್ಪಸದ ನೆಪದಲ್ಲಿ ಸಹಿ ಪಡೆಯುವುದನ್ನು ನಾವು ರಾಜಿ ಎನ್ನಲಾರೆವು. 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ನೀಡಿದೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೃಢಪಡಿಸಿದೆ. ತಂಗಿಯು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಕಸಿದುಕೊಂಡರೆ ಅದು ಮತ್ತೊಂದು ವ್ಯಾಜ್ಯದ ಬೀಜ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಸವಣ್ಣನವರು ಬಾಗೇವಾಡಿಯ ಮನೆ ತೊರೆದರೆಂದು ನಮ್ಮ ಪರಂಪರೆ ನಂಬಿ ಬಂದಿದೆ. ಆ ನೆಲದ ಮಕ್ಕಳಾದ ನಮಗೆ ಸಮಪಾಲಿನ ಪಾಠವನ್ನು ಬೇರೆಯವರು ಹೇಳಬೇಕೆ?

ಮಠವು ನ್ಯಾಯಾಲಯವಲ್ಲ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಪ್ರಸಾದ ನೀಡುವುದು ನಮ್ಮಿಂದಾಗುವ ಸೇವೆ. ಅಲ್ಲಿ ಕೂಡಿದ ಮನಸ್ಸನ್ನು ಕಾಗದಕ್ಕೆ ಇಳಿಸಿ ನ್ಯಾಯಾಧೀಶರ ಮುಂದೆ ಇಡುವುದು ನಿಮ್ಮ ಹೊಣೆ. ಮುಂದಿನ ವಾಯಿದೆಗೆ ಮೊದಲು ಒಮ್ಮೆ ಅಣ್ಣನ ಮನೆಯ ಬಾಗಿಲು ತಟ್ಟಿರಿ.