ಇ.ಬಿ. ಬಿಲ್ ತಕರಾರು: ನೇರ ಆಯೋಗಕ್ಕೆ ಹೋಗಬೇಡಿ

ನುಂಗಂಬಾಕ್ಕಂ: ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ ಒಮ್ಮೆಲೇ ನಾಲ್ಕು ಪಟ್ಟಾದರೆ ಏನು ಮಾಡಬೇಕು? ಸಂಘದ ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗ ಕೇಳಿಬರುವ ಪ್ರಶ್ನೆಯಿದು. ಇಲ್ಲಿನ ಹಳೆಯ ಫ್ಲ್ಯಾಟುಗಳಲ್ಲಿ ಮೀಟರುಗಳೆಲ್ಲ ಒಂದೇ ಕಡೆ. ಪಕ್ಕದ ಮನೆಯ ರೀಡಿಂಗ್ ನಮ್ಮ ಲೆಕ್ಕಕ್ಕೆ ಸೇರಿದರೂ ತಕ್ಷಣ ಗೊತ್ತಾಗುವುದಿಲ್ಲ. ಕೆಲವರು ಕನೆಕ್ಷನ್ ಕಡಿದಾರೆಂದು ಹೆದರಿ ಸುಮ್ಮನೆ ಕಟ್ಟಿಬಿಡುತ್ತಾರೆ. ಕೆಲವರು ಗಿಂಡಿಯಲ್ಲಿರುವ ತಮಿಳುನಾಡು ವಿದ್ಯುತ್ ನಿಯಂತ್ರಣ ಆಯೋಗಕ್ಕೇ ಅರ್ಜಿ ಬರೆಯುತ್ತಾರೆ. ಎರಡೂ ಅವಸರದ ಕೆಲಸ.

1999ರಲ್ಲಿ ರಚನೆಯಾದ ಈ ಆಯೋಗದ ಕೆಲಸ ದರ ನಿಗದಿ ಮಾಡುವುದು, ವಿದ್ಯುತ್ ಉತ್ಪಾದಕರು ಮತ್ತು ಸರಬರಾಜು ಸಂಸ್ಥೆಗಳ ನಡುವಿನ ವ್ಯಾಜ್ಯ ತೀರ್ಮಾನಿಸುವುದು. ಒಬ್ಬೊಬ್ಬ ಗ್ರಾಹಕನ ಬಿಲ್ ಜಗಳ ಆಯೋಗದ ಕೆಲಸವಲ್ಲವೆಂದು ಸುಪ್ರೀಂ ಕೋರ್ಟ್ 2007ರಲ್ಲಿ, ಮಹಾರಾಷ್ಟ್ರ ಆಯೋಗ ಮತ್ತು ರಿಲಯನ್ಸ್ ಎನರ್ಜಿ ಪ್ರಕರಣದಲ್ಲಿ ಹೇಳಿದೆ.

ನಮ್ಮಂಥವರಿಗೆ 2003ರ ವಿದ್ಯುತ್ ಕಾಯ್ದೆಯ 42ನೇ ಕಲಮು ಎರಡು ಮೆಟ್ಟಿಲು ಕಟ್ಟಿಕೊಟ್ಟಿದೆ. ಮೊದಲನೆಯದು ಸರಬರಾಜು ಸಂಸ್ಥೆಯೇ ನಡೆಸುವ ಗ್ರಾಹಕರ ಕುಂದುಕೊರತೆ ವೇದಿಕೆ. (ಸಂಸ್ಥೆಯ ಹೆಸರು 2010ರಲ್ಲಿ ಟ್ಯಾಂಜೆಡ್ಕೊ ಆಯಿತು, 2024ರಲ್ಲಿ ಮತ್ತೆ ಬದಲಾಯಿತು. ನಮ್ಮ ಬಾಯಲ್ಲಿ ಮಾತ್ರ ಅದು ಇಂದಿಗೂ ಇ.ಬಿ.) ಅಲ್ಲಿ ಸಮಾಧಾನವಾಗದಿದ್ದರೆ 30 ದಿನಗಳೊಳಗೆ, ಆದೇಶದ ಪ್ರತಿ ಇಟ್ಟು, ಆಯೋಗವೇ ನೇಮಿಸಿದ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಸಂಧಾನದ ಮಾತು ಬರುವುದು ಇಲ್ಲೇ. ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಯತ್ನಿಸುವುದು ಒಂಬುಡ್ಸ್‌ಮನ್ ಕರ್ತವ್ಯ. ಆಗದಿದ್ದರೆ ಅವರೇ ತೀರ್ಪು ಕೊಡುತ್ತಾರೆ. ಮೀಟರ್ ಪರೀಕ್ಷೆಗೆ ಕಳಿಸುವುದು, ಬಾಕಿಯನ್ನು ಕಂತುಗಳಲ್ಲಿ ಕಟ್ಟುವುದು, ಇಂಥವೆಲ್ಲ ಮಾತಿನಲ್ಲೇ ತೀರುವ ಸಂಗತಿಗಳು. ಆದರೆ ಅಧಿಕಾರಿ 'ನೋಡ್ತೀವಿ ಸಾರ್' ಎಂದರೆ ಎದ್ದು ಬರಬೇಡಿ. ಎಷ್ಟು ರೂಪಾಯಿ, ಯಾವ ತಾರೀಖಿನೊಳಗೆ ಎಂಬುದನ್ನು ಬರೆಸಿ, ಪ್ರತಿ ಪಡೆಯಿರಿ.

ವಿಚಿತ್ರವೆಂದರೆ, 2023ರ ಮಧ್ಯಸ್ಥಿಕೆ ಕಾಯ್ದೆ ತನ್ನ ಮೊದಲ ಅನುಸೂಚಿಯಲ್ಲಿ ವಿದ್ಯುತ್ ಆಯೋಗಗಳ ಮುಂದಿನ ಪ್ರಕರಣಗಳನ್ನು ಸಂಧಾನಕ್ಕೆ ತಕ್ಕವಲ್ಲದವುಗಳ ಪಟ್ಟಿಗೆ ಸೇರಿಸಿದೆ. ದೊಡ್ಡವರ ವ್ಯಾಜ್ಯಕ್ಕೆ ಇಲ್ಲದ ಸೌಕರ್ಯ ಸಣ್ಣ ಗ್ರಾಹಕನಿಗಿದೆ. ಬಳಸಿಕೊಳ್ಳುವವರು ಕಡಿಮೆ, ಅಷ್ಟೆ.

ದೂರು ನಡೆಯುವಾಗ ಮನೆ ಕತ್ತಲಾಗುವ ಭಯ ಬೇಡ. 56ನೇ ಕಲಮಿನ ಪ್ರಕಾರ ಕನೆಕ್ಷನ್ ಕಡಿಯಲು ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಬೇಕು. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆ ಇರುವುದನ್ನು 'ಆಕ್ಷೇಪಣೆಯೊಂದಿಗೆ' ಎಂದು ಬರೆದು ಕಟ್ಟಿದರೆ ವ್ಯಾಜ್ಯ ಮುಗಿಯುವವರೆಗೆ ಕಡಿಯುವಂತಿಲ್ಲ.

ಮನೆಯಲ್ಲೇ ಮೆಸ್, ಹಪ್ಪಳ-ಉಪ್ಪಿನಕಾಯಿ ವ್ಯಾಪಾರ ನಡೆಸುವ ನಮ್ಮವರಿಗೆ ಇನ್ನೊಂದು ಮಾತು. ಮನೆ ಬಳಕೆಯ ಕನೆಕ್ಷನ್ನಿನಲ್ಲಿ ವ್ಯಾಪಾರ ಕಂಡುಬಂದರೆ ಅದು 126ನೇ ಕಲಮಿನ ಅನಧಿಕೃತ ಬಳಕೆ. ದರ ಎರಡು ಪಟ್ಟು. ಅದನ್ನು ಈ ವೇದಿಕೆ ಕೇಳುವುದಿಲ್ಲ. ನೋಟಿಸ್ ಕೊಟ್ಟ ಅಧಿಕಾರಿಗೇ ಆಕ್ಷೇಪಣೆ ಸಲ್ಲಿಸಿ, ಆಮೇಲೆ 127ನೇ ಕಲಮಿನಡಿ ಮೇಲ್ಮನವಿ ಹೋಗಬೇಕು. ಅದಕ್ಕೂ 30 ದಿನಗಳಷ್ಟೇ ಗಡುವು.